ಹತ್ತಿಕುಣಿ ಅಗಸಿಯಲ್ಲಿ ನೀನು ಬದಲಿಸಿದ ಶ್ರುತಿ

ಅವ್ವನ ಬೆನ್ನಿಗೆ ಬಿದ್ದ ತಮ್ಮ, ನನ್ನ ಸೋದರಮಾವ ಮರೆಪ್ಪನಿಗೆ ಅಳಿಯ ಹಣಮಂತನ ಕೂಗು ಮುಟ್ಟಲಿ.

ಮಾವಾ, ಓದಲು ಬಾರದವನಿಗೆ ಪತ್ರ ಬರೆಯಲು ಕೂತಿದ್ದೇನೆ. ನೀನಿದ್ದಿದ್ದರೆ ಗಲ್ಲದೊಳಗೇ ನಕ್ಕು, ‘ಬರಿಯಾಂವ ಸಿಕ್ಕ, ಓದಾಂವನ್ನ ಎಲ್ಲಿಂದ ತರೂಣೋ ಅಳಿಯಾ’ ಅನ್ನುತ್ತಿದ್ದೆ. ಅದಕ್ಕೇ ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುತ್ತಲೂ ಇದ್ದೇನೆ. ನನ್ನ ಗಂಟಲು ನಿನಗೆ ಗೊತ್ತೇ ಇದೆ. ರಂಗಂಪೇಟೆಯ ನಮ್ಮ ಮನೆಯಲ್ಲಿ ನಾನು ಕೆಮ್ಮಿದರೆ ಸುರಪುರದ ಗುಡ್ಡದ ಮೇಲಿನವರು ‘ಸಾಬಣ್ಣನ ಮಗ ಎದ್ದಾನ’ ಎನ್ನುವಂಥ ಗಂಟಲು. ಮೂರು ಮೊಳ ಮಣ್ಣಿನ ಕೆಳಗೆ ಮಲಗಿದ ನಿನಗೆ ಅದು ಕೇಳಿಸದೇ ಹೋದೀತೇ? ಶಾಲೆಯಲ್ಲಿ ನನಗೆ ತಿದ್ದಿಸಿದ್ದು ಉರ್ದುವಿನ ಅಲೀಫ್, ಬೇ. ಕನ್ನಡದ ಅಕ್ಷರ ಕಲಿತದ್ದು ನಾಟಕದ ಮಾತುಗಳನ್ನು ನಕಲು ಮಾಡುತ್ತ. ಹೀಗಾಗಿ ಈ ಪತ್ರ ಅಲ್ಲಲ್ಲಿ ಎದೆ ತಟ್ಟಿಕೊಂಡು ಮಾತಾಡಿದರೆ ಬೇಸರ ಮಾಡಿಕೊಳ್ಳಬೇಡ. ನನಗೆ ಬರುವ ಕನ್ನಡ ಇದೊಂದೇ.

ಮೊದಲು ನೆನಪಾಗುವುದು ನಾನು ನಿನಗೆ ಮಾಡಿದ ಅವಮಾನ. ಪೊಲೀಸ್ ಅಮೀನ್ ಸಾಹೇಬರ ಪರವಾನಗಿ ಸಿಕ್ಕು ನಮ್ಮ ಪೇಟೆಯಲ್ಲಿ ನಾಟಕ ಆಡಿದ ವರ್ಷ ಅದು. ನಾನು ರಾಕ್ಷಸರ ಸೇನಾಪತಿ. ಎರಡು ದೃಶ್ಯಗಳ ನಡುವೆ ಜನರನ್ನು ನಗಿಸಲು ಯಾರಾದರೂ ಬೇಕಿತ್ತು. ನಾನು ಮೀಸೆ ಕಿತ್ತಿಟ್ಟು, ಮೇಳದಲ್ಲಿ ಶ್ರುತಿ ಊದುವ ನಿನ್ನ ಹಾಗೆ ಕೈಯಲ್ಲೊಂದು ಕೋಲು ಹಿಡಿದು, ಗಲ್ಲ ಉಬ್ಬಿಸಿ ‘ಪೇಂ’ ಎಂದು ನಿಂತೆ. ಪಕ್ಕದವನು ಹೇಳುತ್ತ ಹೋದ: ಮದುವೆ ಆಯಿತು, ಕೂಸು ಹುಟ್ಟಿತು, ಕೂಸಿನ ಮದುವೆಯೂ ಆಯಿತು, ಇವನದು ಮಾತ್ರ ಅದೇ ‘ಪೇಂ’. ಮಂದಿ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ನಕ್ಕವನು ನೀನು. ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡೆ. ಮರುದಿನ ರೊಟ್ಟಿ ತಿನ್ನುವಾಗ ನನ್ನ ಪಕ್ಕ ಬಂದು ಕೂತು, ‘ಗಲ್ಲ ಉಬ್ಬಸೂದು ಬಂತಲ್ಲ ಅಳಿಯಾ. ಇನ್ನ ಉಸಿರೊಂದ ಕಲಿ’ ಎಂದೆ. ಇಪ್ಪತ್ತು ದಾಟಿದ, ಎದೆಯುದ್ದ ಸೊಕ್ಕಿದ್ದ ನನಗೆ ಅದು ತಮಾಷೆಯಾಗಿಯೇ ಕೇಳಿಸಿತು. ಬೇರೆ ಹೇಗೆ ತಾನೇ ಕೇಳಿಸೀತು?

ಅಪ್ಪ ಮೇಳದ ಕಥೆ ಹೇಳಲು ಕೂತಾಗಲೆಲ್ಲ ನೀನು ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದೆ. ಅಪ್ಪ ಸಾಬಣ್ಣ ಕಥೆ ಹೇಳುವ ಠೀವಿಯನ್ನು ಯಾವ ನಾಟಕದ ರಾಜನೂ ತರಲಾರ. ನಮ್ಮ ಮುತ್ತಜ್ಜನ ಅಪ್ಪ ಸುರಪುರದ ದೊರೆಗಳ ಅರಮನೆ ಬಾಗಿಲ ಮೇಲಿನ ನಗಾರಖಾನೆಯಲ್ಲಿ ಸನಾದಿ ನುಡಿಸುತ್ತಿದ್ದ. ಆತ ಬೆಳಗಿನ ರಾಗ ಎತ್ತಿದ ಮೇಲೆಯೇ ಕೋಟೆಯ ಕೋಳಿಗಳು ಕೂಗುತ್ತಿದ್ದವಂತೆ. ಸಂಸ್ಥಾನ ಹೋಯಿತು, ನಗಾರಿಯ ಚರ್ಮ ಹರಿಯಿತು, ಸೀಮೆ ನಿಜಾಮರದಾಯಿತು. ಆತನ ಮಗ ಎರಡು ಸನಾದಿ, ಒಂದು ಶ್ರುತಿಯ ಕೊಳವೆ ರುಮಾಲಿನಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದು ಬೀದಿಗೆ ಬಂದ. ಅಂದಿನಿಂದ ಸುರಪುರ, ಶಹಾಪುರ, ಯಾದಗಿರಿ ಮೂರೂ ಕಡೆಯ ಮದುವೆ, ತೊಟ್ಟಿಲು, ದೇವರ ಪಾಲಕಿ, ದರ್ಗಾದ ಉರುಸಿನ ಗಂಧ, ಎಲ್ಲದಕ್ಕೂ ನಮ್ಮದೇ ಮೇಳ. ಇಲ್ಲಿಗೆ ಬಂದಾಗ ಅಪ್ಪ ಬೆರಳೆತ್ತಿ ಹೇಳುತ್ತಿದ್ದ: ‘ನಾಕು ತಲಿ ಆತು. ಅರಮನಿ ಹೋಗ್ಯಾದ, ಅರಮನಿ ಸುರ್ ಕೂದಲೆಳಿಯಷ್ಟೂ ಅತ್ತಿತ್ತ ಆಗಿಲ್ಲ.’ ನಾವೆಲ್ಲ ಆ ಮಾತು ನಂಬಿ ಬೆಳೆದವರು. ನೀನು ಮಾತ್ರ ಇನ್ನೊಂದು ಶೇಂಗಾ ಒಡೆಯುತ್ತಿದ್ದೆ.

ಮದುವೆಯ ಚಪ್ಪರದಲ್ಲಿ ನಾವು ನಿಲ್ಲುತ್ತಿದ್ದ ಸಾಲು ಈಗಲೂ ಕಣ್ಣಿಗೆ ಕಟ್ಟಿದೆ. ಮುಂದೆ ಅಪ್ಪನ ಸನಾದಿ. ಎಡಕ್ಕೆ ಅಪ್ಪನ ತಮ್ಮ ಭೀಮಶಾ ಕಾಕಾನ ಸನಾದಿ. ಬಲಕ್ಕೆ ನಾನು ಕೋಲಿನಿಂದ ಬಾರಿಸುವ ಜೋಡಿ ಸಂಬಾಳ, ಪಕ್ಕದಲ್ಲಿ ಡೊಳ್ಳಿನವರು. ಎಲ್ಲರ ಹಿಂದೆ ನೀನು. ನಿನ್ನ ಕೊಳವೆಯೂ ನೋಡಲು ಸನಾದಿಯೇ. ಆದರೆ ಅದರ ತೂತುಗಳಿಗೆ ಜೇನುಮೇಣ ಮೆತ್ತಿ ಒಂದೇ ಸ್ವರ ಹೊರಡುವಂತೆ ಮಾಡಿದ್ದರು. ಅಪ್ಪ ಎಡಗೈ ಎತ್ತುತ್ತಿದ್ದ. ನೀನು ಸುರ್ ಹಿಡಿಯುತ್ತಿದ್ದೆ, ಮೇಳಕ್ಕೆಲ್ಲ ಆಧಾರದ ಶ್ರುತಿ. ಅದು ಕಿವಿ ತುಂಬಿದ ಮೇಲೆಯೇ ಅವನು ಸನಾದಿ ಬಾಯಿಗಿಡುತ್ತಿದ್ದ. ಅಲ್ಲಿಂದ ಮುಂದೆ ಅವರು ಏರಲಿ, ಇಳಿಯಲಿ, ಬೆವರೊರೆಸಿಕೊಳ್ಳಲಿ, ನಿನಗೆ ಬಿಡುವಿಲ್ಲ. ಮೂಗಿನಿಂದ ಉಸಿರೆಳೆದು ಗಲ್ಲದಿಂದ ಬಿಡುತ್ತ, ಒಂದು ಕೂದಲಿನಷ್ಟೂ ಕಡಿಯದಂತೆ... ಶಾಲು ಹೊದಿಸಿದ್ದು ಅಪ್ಪನಿಗೆ. ರುಮಾಲು ಸುತ್ತಿದ್ದು ಕಾಕಾನಿಗೆ. ನಿನಗೆ ಏನು ಕೊಟ್ಟರು ಮಾವಾ? ‘ಗಾಳಿ ಚೀಲ’ ಎಂಬ ಹೆಸರು ಕೊಟ್ಟರು. ಎಷ್ಟು ಮದುವೆಗಳಲ್ಲಿ ನಿನ್ನನ್ನು ಊಟಕ್ಕೆ ಕರೆಯಲು ಮರೆತಿಲ್ಲ? ನೀನೇ ಹೋಗಿ ಪಂಕ್ತಿಯ ತುದಿಯಲ್ಲಿ ಕೂತು, ‘ಇಲ್ಲೊಬ್ಬಾಂವ ಅದಾನ್ರಿ’ ಎಂದು ನೆನಪು ಮಾಡಿಕೊಡುತ್ತಿದ್ದೆ.

ಯಾದಗಿರಿ ಟೇಶನ್ನಿನ ಆ ಬೆಳಿಗ್ಗೆ ಮೇಳದ ಹಣೆಬರಹ ತಿರುಗಿತು. ನಾವು ಒಬ್ಬ ವ್ಯಾಪಾರಿಯ ಬೀಗರನ್ನು ಇದಿರುಗೊಳ್ಳಲು ಹೋಗಿದ್ದೆವು. ಅದೇ ರೈಲಿನಿಂದ ಯಾರೋ ಜಹಗೀರದಾರರ ದಿಬ್ಬಣವೂ ಇಳಿಯಿತು, ಜೊತೆಗೆ ಹೈದರಾಬಾದಿನ ಬ್ಯಾಂಡ್ ಪಾರ್ಟಿ. ಕೆಂಪು ಕೋಟು, ಹಿತ್ತಾಳೆ ಗುಂಡಿ, ಮನುಷ್ಯ ಒಳಗೆ ಮಲಗಬಹುದಾದಷ್ಟು ದೊಡ್ಡ ಡ್ರಮ್ಮು. ಅದರ ಮುಂದೆ ಒಬ್ಬ ಕರಿಯ ಕೊಳವೆಗೆ ಬೆಳ್ಳಿಯ ಕೀಲಿಗಳನ್ನು ಜೋಡಿಸಿದಂಥದ್ದೊಂದು ಊದುತ್ತಿದ್ದ. ಕ್ಲಾರಿನೆಟ್. ಭೀಮಶಾ ಕಾಕಾ ತನ್ನ ಸನಾದಿ ಬಗಲಲ್ಲಿಟ್ಟುಕೊಂಡು, ದಕ್ಖನಿ ಉರ್ದುವಿನಲ್ಲಿ ಆ ಮನುಷ್ಯನನ್ನು ಮಾತಿಗೆಳೆದು, ಒಂದು ಸಲ ಊದಿ ನೋಡಿದ. ನಿನ್ನ ಬೆರಳಿಗೆ ಇದು ಹುಟ್ಟಿನಿಂದಲೇ ಬಂದಂತಿದೆ ಎಂದು ಆತ ಹೊಗಳಿದನಂತೆ. ಆ ಒಂದು ಮಾತಿಗೆ ಕಾಕಾ ಒಂದು ತಿಂಗಳು ನಿದ್ದೆಗೆಟ್ಟ. ಆಮೇಲೆ ಶಹಾಪುರದ ಒಬ್ಬ ಮುದುಕ ವಾದ್ಯಗಾರನಿಗೆ ಹಾಲು ಕರೆಯುವ ಆಕಳು ಹೊಡೆದುಕೊಟ್ಟು ಅಂಥದೇ ಒಂದು ಕ್ಲಾರಿನೆಟ್ ತಂದ. ಕಾಕಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ‘ಆಕಳ ಹೊತ್ತಿಗಿ ಎರಡ ಸೇರ ಹಿಂಡ್ತಿತ್ತು. ಇದನ್ನ ಹಿಂಡಿದ್ರ ಏನ್ ಬರ್ತದ?’ ಎಂದು ಕೇಳಿದಳು. ನೀನು ಶೇಂಗಾ ಗಂಟಲಿಗೆ ಸಿಕ್ಕಿ ಕೆಮ್ಮಿದೆ.

ಅಪ್ಪ ನಗಲಿಲ್ಲ. ಕ್ಲಾರಿನೆಟ್ಟಿನ ಸ್ವರ ನಮ್ಮ ಸುರ್‌ಗಿಂತ ಮೇಲಿತ್ತು. ಎಷ್ಟು ಮೇಲೆ? ಅರ್ಧ ಸ್ವರವೂ ಇಲ್ಲ. ಮದುವೆಗೆ ಬಂದ ಮಂದಿಗೆ ಗೊತ್ತೂ ಆಗದಷ್ಟು. ಆದರೆ ನಮ್ಮ ಮನೆಯಲ್ಲಿ ಹುಟ್ಟಿದವರ ಕಿವಿಗೆ ಅದು ಹಲ್ಲಿನಲ್ಲಿ ಮರಳು ಸಿಕ್ಕ ಹಾಗೆ. ಕಾಕಾ ಕೆಳಗಿಳಿಯಲಿ ಎಂದು ಅಪ್ಪ, ಅಣ್ಣ ಮೇಲೇರಲಿ ಎಂದು ಕಾಕಾ. ಅರಮನೆಯ ಸುರ್ ಬಿಟ್ಟವನು ಅಜ್ಜನ ಹೆಸರು ಬಿಟ್ಟ ಹಾಗೆ ಎಂದು ಇವನು, ಬಿದ್ದುಹೋದ ಅರಮನೆಗೆ ನಾನೇಕೆ ಕಾವಲು ಕಾಯಲಿ ಎಂದು ಅವನು. ಮಾತಿಗೆ ಮಾತು ಬೆಳೆದು ಒಂದು ಒಲೆ ಎರಡಾಯಿತು. ಪಡಸಾಲೆಯ ನಡುವೆ ಗೋಡೆ ಎದ್ದಿತು. ನಾಲ್ಕು ತಲೆಮಾರು ಒಂದಾಗಿ ನಡೆದ ಮೇಳವನ್ನು ಎರಡು ಪಾಲು ಮಾಡಿಕೊಡಿ ಎಂದು ಅಣ್ಣ ತಮ್ಮ ಇಬ್ಬರೂ ಕುಲದ ಹಿರಿಯರನ್ನು ಕರೆಸಿದರು.

ಆ ಪಂಚಾಯಿತಿಯ ದಿನ ನಿನ್ನ ಮುಖ ನೋಡಬೇಕಿತ್ತು. ಬೇವಿನ ಮರದ ಕೆಳಗೆ ಹಿರಿಯರು ವಾದ್ಯ ಹಂಚಿದರು, ಊರು ಹಂಚಿದರು. ಸುರಪುರದ ಕಡೆ ಅಣ್ಣನಿಗೆ, ಶಹಾಪುರದ ಕಡೆ ತಮ್ಮನಿಗೆ, ಯಾದಗಿರಿಯ ಕಡೆ ಯಾರನ್ನು ಕರೆದರೆ ಅವರಿಗೆ. ಕೊನೆಗೆ ಉಳಿದವನು ನೀನು. ಸುರ್ ಹಿಡಿಯುವವನು ಒಬ್ಬನೇ, ಕೇಳುವವರು ಇಬ್ಬರು. ಕಾಕಾ ಕಟ್ಟಹೊರಟ ಬ್ಯಾಂಡಿಗೆ ಸುರ್ ಬೇಕೇ ಇಲ್ಲ, ಅವನು ಬಿಟ್ಟುಕೊಡಬಹುದಿತ್ತು. ಆದರೆ ಬೆನ್ನ ಹಿಂದೆ ನಿನ್ನ ಉಸಿರಿಲ್ಲದೆ ನುಡಿಸಿ ಅವನಿಗೆ ಅಭ್ಯಾಸವೇ ಇರಲಿಲ್ಲ. ಹೊಲ ಹಂಚಿ ಹಂಚಿ ಪಳಗಿದ ಹಿರಿಯರು ಮುಂಗಾರಿ ಹಿಂಗಾರಿಯ ಲೆಕ್ಕ ಹಿಡಿದರು: ಕಾರಹುಣ್ಣಿಮೆಯಿಂದ ಎಳ್ಳಮಾವಾಸ್ಯೆಯವರೆಗೆ ಮರೆಪ್ಪ ಅಣ್ಣನ ಪಾಲಿಗೆ, ಎಳ್ಳಮಾವಾಸ್ಯೆಯಿಂದ ಕಾರಹುಣ್ಣಿಮೆಯವರೆಗೆ ತಮ್ಮನ ಪಾಲಿಗೆ. ಎಲ್ಲರೂ ತಲೆಯಾಡಿಸಿದರು. ಎಲೆ ಅಡಿಕೆ ಹಾಕಿಕೊಳ್ಳಲು ಕೈ ಚಾಚಿದರು. ಆಗ ಬಾಗಿಲ ಮರೆಯಿಂದ ಅವ್ವ, ‘ಮದುವಿ ಯಾವ ತಿಂಗಳಾಗ ಆಗ್ತಾವ ಅಂತ ಹಿರಿಯಾರಿಗಿ ಯಾರರೆ ಹೇಳ್ರಿ’ ಎಂದಳು. ಅಷ್ಟೂ ಲಗ್ನ ಎಳ್ಳಮಾವಾಸ್ಯೆಯ ಈಚೆಗೇ. ಅಪ್ಪನ ಪಾಲಿಗೆ ಮಳೆ ಮತ್ತು ಕೆಸರು. ಹಿರಿಯರು ತಾಂಬೂಲ ಕೆಳಗಿಟ್ಟು ಮತ್ತೆ ಕೂತರು. ಒಂದು ಮದುವೆ ಇವರಿಗೆ, ಒಂದು ಮದುವೆ ಅವರಿಗೆ ಎಂದು ಸರದಿ ಹಾಕಿದರು. ನೀನು ಎದ್ದು ದೋತರದ ದೂಳು ಕೊಡವಿ, ‘ನಾ ಏನ್ ಬಾವಿ ಏನ್ರಿ ಯಪ್ಪಾ, ಪಾಳಿ ಹಾಕಿ ಸೇದಾಕ?’ ಎಂದಷ್ಟೇ ಹೇಳಿ ಒಳಗೆ ಹೋದೆ. ಸಿಟ್ಟಾಗಿದ್ದೆಯೋ, ಅಳು ಬಂದಿತ್ತೋ... ನಾನು ಕೇಳಲಿಲ್ಲ.

ಒಂದು ವರ್ಷ ನೀನು ಹಾಗೆಯೇ ನಡೆದೆ, ಒಂದು ಮದುವೆಗೆ ಗೋಡೆಯ ಈಚೆಯಿಂದ, ಇನ್ನೊಂದಕ್ಕೆ ಆಚೆಯಿಂದ. ಕಾಕಾ ನಿನಗೂ ಒಂದು ಕೆಂಪು ಕೋಟು ತೊಡಿಸಿದ್ದ. ಅದರ ಗುಂಡಿ ನಿನ್ನ ಎದೆಗೆ ಸಾಲದೆ ದಾರ ಕಟ್ಟಿದ್ದರು. ಅತ್ತ ಅವನ ಕ್ಲಾರಿನೆಟ್ಟಿಗೂ ನಿನ್ನ ಸುರ್‌ಗೂ ಹೊಂದುತ್ತಿರಲಿಲ್ಲ. ಇತ್ತ ನೀನಿಲ್ಲದ ದಿನ ಅಪ್ಪನ ಸನಾದಿ ಕಟ್ಟಿಲ್ಲದ ಎತ್ತಿನಂತೆ ಹೋದ ಕಡೆ ಹೋಗುತ್ತಿತ್ತು. ಎರಡೂ ಮೇಳಗಳು ಸೊರಗಿದವು. ಇಬ್ಬರೂ ಒಪ್ಪಲಿಲ್ಲ. ಅಷ್ಟರಲ್ಲಿ ಹತ್ತಿಕುಣಿಯ ಮದುವೆ ಬಂತು. ಹೆಣ್ಣಿನ ಮನೆಯವರು ಹಳೆಯ ನಂಟಿನಿಂದ ಅಪ್ಪನಿಗೆ ಎಲೆ ಅಡಿಕೆ ಕೊಟ್ಟರು. ಗಂಡಿನ ಮನೆಯವರು ಶಹಾಪುರದವರು, ಕಾಕಾನಿಗೆ ಕೊಟ್ಟರು. ನಮ್ಮ ಕಡೆಯ ಪದ್ಧತಿ ನಿನಗೆ ಹೇಳಬೇಕೇ? ಬೀಗರನ್ನು ಇದಿರುಗೊಳ್ಳುವಾಗ ಎರಡೂ ಕಡೆಯ ಮೇಳಗಳು ಊರ ಅಗಸಿ ಬಾಗಿಲಲ್ಲಿ ಮುಖಾಮುಖಿ ನಿಂತು ನುಡಿಸಬೇಕು. ಸೋತವರು ವಾದ್ಯದ ಬಾಯಿ ನೆಲಕ್ಕೆ ಮಾಡಿ, ಗೆದ್ದವರ ಹಿಂದೆ ಊರೊಳಗೆ ನಡೆಯಬೇಕು. ಅಪ್ಪ ದೇವರ ಗೂಡಿನ ಮುಂದೆ ನಿಂತು ಆಣೆ ಮಾಡಿದ. ಭೀಮಶಾನ ಹಿಂದೆ ನಾನು ನಡೆದರೂ, ನನ್ನ ಹಿಂದೆ ಅವನು ನಡೆದರೂ, ಅಂದಿಗೆ ರಕ್ತದ ನಂಟು ತೀರಿತು ಎಂದ. ಗೋಡೆಯ ಆಚೆ ಕಾಕಾನೂ ಅದನ್ನೇ ಅಂದದ್ದು ನಮಗೆ ಕೇಳಿಸಿತು. ಅವ್ವ ನಾದುತ್ತಿದ್ದ ಹಿಟ್ಟು ಬಿಟ್ಟು ಎದ್ದು ಹೋದಳು.

ಹತ್ತಿಕುಣಿಯ ಅಗಸಿ. ಬಿಸಿಲು ಏರುವ ಹೊತ್ತು. ಅಗಸಿಯ ಒಳಗೆ ನಾವು: ಅಪ್ಪ, ನಾನು, ಒಬ್ಬ ಡೊಳ್ಳಿನವ. ಹೊರಗೆ ಶಹಾಪುರದ ಗಾಡಿಗಳ ಸಾಲು, ಕುದುರೆಯ ಮೇಲೆ ಬಾ‌ಸಿಂಗ ಕಟ್ಟಿದ ಮದುಮಗ, ಅವನ ಮುಂದೆ ಕೆಂಪು ಕೋಟುಗಳು. ಸರದಿ ಅಂದು ಕಾಕಾನದು, ಹಾಗಾಗಿ ನೀನು ಆ ಕಡೆ. ಕಾಕಾ ಕ್ಲಾರಿನೆಟ್ ಎತ್ತಿ ಹಿಂದೆ ತಿರುಗಿ ನೋಡಿದ. ನೀನು ಕೋಟಿನ ದಾರ ಬಿಚ್ಚುತ್ತಿದ್ದೆ. ನಿಧಾನಕ್ಕೆ ಕೋಟು ಕಳಚಿ, ಮಡಚಿ, ಗಾಡಿಯ ನೊಗದ ಮೇಲಿಟ್ಟೆ. ಕೊಳವೆ ಹಿಡಿದು ನಡೆದು ಬಂದು ಅಗಸಿಯ ಕಮಾನಿನ ನಟ್ಟನಡುವೆ ನಿಂತೆ, ಅಪ್ಪನಿಗೂ ಬೆನ್ನಿಲ್ಲ, ಕಾಕಾನಿಗೂ ಬೆನ್ನಿಲ್ಲ. ಸುರ್ ಹಿಡಿದೆ. ನನ್ನ ಕೈ ಸಂಬಾಳದ ಮೇಲೇ ನಿಂತಿತು. ಏಕೆಂದರೆ ಅದು ನಾನು ಹುಟ್ಟಿದಂದಿನಿಂದ ಕೇಳಿದ ಸ್ವರ ಆಗಿರಲಿಲ್ಲ.

ಅಪ್ಪ ಹುಬ್ಬು ಗಂಟಿಕ್ಕಿ, ‘ಮರೆಪ್ಪ, ಸುರ್ ತಪ್ಪ್ಯಾದ’ ಎಂದ. ಕಾಕಾನೂ, ‘ಮರೆಪ್ಪಣ್ಣ, ಇದು ನಂದೂ ಅಲ್ಲ’ ಎಂದ. ಬಾಯಲ್ಲಿ ಕೊಳವೆ ಇಟ್ಟುಕೊಂಡ ನೀನು ಯಾರಿಗೆ ಏನು ಉತ್ತರ ಕೊಟ್ಟೀಯ? ಅಪ್ಪನದಕ್ಕಿಂತ ಒಂದು ಎಳೆ ಮೇಲೆ, ಕಾಕಾನದಕ್ಕಿಂತ ಒಂದು ಎಳೆ ಕೆಳಗೆ, ಇಬ್ಬರದೂ ಅಲ್ಲದ ಜಾಗದಲ್ಲಿ ನಿನ್ನ ಸ್ವರ ನಿಂತಿತ್ತು. ಇಬ್ಬರೂ ಹಟಕ್ಕೆ ಬಿದ್ದು ತಮ್ಮ ತಮ್ಮ ಸ್ವರದಲ್ಲೇ ಎತ್ತಿದರು. ಎಂಥ ಅಪಸ್ವರ ಮಾವಾ. ಕಂಕುಳ ಕೂಸುಗಳು ಅತ್ತವು, ಮದುಮಗನ ಕುದುರೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಹೆಣ್ಣಿನ ಅಪ್ಪ ಓಡಿ ಬಂದು, ‘ಏನ್ರಿ ಸಾಬಣ್ಣ, ಮದುವಿ ಮಾಡೂದದನೋ ಪಂಚಾಯ್ತಿ ಮಾಡೂದದನೋ? ಅಕ್ಕಿಕಾಳಿನ ಮುಹೂರ್ತ ಆಗಾಕತ್ತದ’ ಎಂದು ಗೋಗರೆದ. ಇಬ್ಬರೂ ವಾದ್ಯ ಇಳಿಸಿ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ನಿನ್ನ ಸ್ವರ ಮಾತ್ರ ನಿಲ್ಲಲಿಲ್ಲ.

ಮೊದಲು ನಗೆ ಕೇಳಿಸಿತು. ಗಾಳಿ ಚೀಲಕ್ಕೆ ಇವತ್ತು ತೂತು ಬೀಳುತ್ತದೆ ಎಂದು ಯಾರೋ ಅಂದರು. ಸ್ವಲ್ಪ ಹೊತ್ತಿಗೆ ನಗೆ ಅಡಗಿತು. ಕಳಸ ಹಿಡಿದ ಒಬ್ಬ ಮುದುಕಿ ಮುಂದೆ ಬಂದು, ‘ಆಂವ ಉಸಿರರೆ ಬಿಡಾಕತ್ತಾನೇನ ನೋಡ್ರೆವ್ವಾ’ ಎಂದಳು. ಆಗ ಎಲ್ಲರೂ ನಿನ್ನನ್ನು ನೋಡಿದರು. ಮೂವತ್ತು ವರ್ಷ ಮದುವೆಗಳಲ್ಲಿ ನಿಂತವನನ್ನು ಒಂದು ಊರು ಅಂದು ಮೊದಲ ಸಲ ನೋಡಿತು. ಕುತ್ತಿಗೆಯ ನರ ಹಗ್ಗದಂತೆ ಬಿಗಿದಿತ್ತು. ಬೆವರು ಗದ್ದದಿಂದ ಕೊಳವೆಗೆ, ಕೊಳವೆಯಿಂದ ಮಣ್ಣಿಗೆ ಹನಿಯುತ್ತಿತ್ತು. ನಾನು ಎಷ್ಟು ನಾಟಕ ಆಡಿದ್ದೇನೆ, ಎಷ್ಟು ಸಲ ಗುಡುಗಿ ಜನರನ್ನು ಬೆಚ್ಚಿಬೀಳಿಸಿದ್ದೇನೆ. ಆದರೆ ಅಷ್ಟು ಮಂದಿಯನ್ನು ಅಷ್ಟು ಹೊತ್ತು ಅಲುಗದಂತೆ ನಿಲ್ಲಿಸುವುದು ನನ್ನಿಂದ ಒಂದು ದಿನವೂ ಆಗಿಲ್ಲ. ನೀನು ಅದನ್ನು ಒಂದೂ ಮಾತಿಲ್ಲದೆ ಮಾಡಿದೆ.

ಬಾಯಿಗಿಡುವ ಪೀಪಿಯನ್ನು ಒಂದು ಎಳೆ ಒಳಕ್ಕೆ ಒತ್ತಿದರೆ ಸನಾದಿಯ ಸ್ವರ ಏರುತ್ತದೆ. ಕ್ಲಾರಿನೆಟ್ಟಿನ ಮೇಲಿನ ತುಂಡನ್ನು ಒಂದು ಎಳೆ ಹೊರಕ್ಕೆ ಎಳೆದರೆ ಅದರ ಸ್ವರ ಇಳಿಯುತ್ತದೆ. ಅಪ್ಪನಿಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು. ನಾನು ಅಪ್ಪನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಮೆಲ್ಲಗೆ ಪೀಪಿಯ ಬುಡಕ್ಕೆ ಹೋಯಿತು. ಒತ್ತಿತು. ಕತ್ತೆತ್ತಿ ಕಾಕಾನನ್ನು ನೋಡಿದರೆ ಅವನ ಕೈಯೂ ಆಗಲೇ ಕ್ಲಾರಿನೆಟ್ಟಿನ ಕೀಲಿನ ಮೇಲಿತ್ತು. ಯಾರು ಮೊದಲು ಅಂತ ನನಗೂ ಗೊತ್ತಿಲ್ಲ. ಇಂದಿಗೂ ಇಬ್ಬರೂ ‘ನಾನೇ ಮೊದಲ’ ಎಂದು ಜಗಳವಾಡುತ್ತಾರೆ. ಎರಡೂ ವಾದ್ಯಗಳು ನಿನ್ನ ಸ್ವರಕ್ಕೆ ಬಂದು ಕೂತ ಗಳಿಗೆಯಲ್ಲಿ ನನ್ನ ಕೈ ತಾನಾಗಿ ಸಂಬಾಳಕ್ಕೆ ಬಿತ್ತು. ಹಿಂದೆ ಯಾರು, ಮುಂದೆ ಯಾರು? ಅಗಸಿ ಕಿರಿದು. ಅಣ್ಣ ತಮ್ಮ ಭುಜಕ್ಕೆ ಭುಜ ತಾಗಿಸಿಕೊಂಡು ಬಂದರು. ಹಿಂದೆ ಸರಿಯಲು ನಿನಗೆ ಜಾಗವೇ ಇರಲಿಲ್ಲ. ಹೀಗಾಗಿ ಹತ್ತಿಕುಣಿಯ ಬೀದಿಯಲ್ಲಿ ಮದುಮಗನನ್ನು ಕರೆದುಕೊಂಡು ಎಲ್ಲರಿಗಿಂತ ಮುಂದೆ ನಡೆದವನು ನೀನು. ನಿನಗೆ ಅದು ಗೊತ್ತೂ ಆದಂತಿರಲಿಲ್ಲ.

ಮರಳಿ ಬರುವಾಗ ಒಂದೇ ಗಾಡಿಯಲ್ಲಿ ನಾವಿಬ್ಬರೇ ಇದ್ದೆವು. ಅಣ್ಣ ತಮ್ಮ ಮುಂದಿನ ಗಾಡಿಯಲ್ಲಿ. ಒಂದು ತಂಬಿಗೆ ನೀರು ಒಂದೇ ಗುಟುಕಿಗೆ ಕುಡಿದು ನೀನು ಮಲಗಿಕೊಂಡೆ. ನಾಲ್ಕು ತಲೆಮಾರಿನ ಸುರ್ ಮುಟ್ಟಲು ನಿನಗೆ ಹೇಗೆ ಧೈರ್ಯ ಬಂತು ಎಂದು ನಾನು ನನ್ನ ನಾಟಕದ ದನಿಯಲ್ಲಿ ಕೇಳಿದೆ. ಮೆಲ್ಲಗೆ ಮಾತಾಡು ಎಂದು ಸನ್ನೆ ಮಾಡಿ ನೀನು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ. ‘ಅರಮನಿ ಸುರ್ ಎಲ್ಲಿ ಉಳದದೋ ಅಳಿಯಾ. ಹತ್ತ ವರ್ಷಾತು, ನಿಮ್ಮಪ್ಪನ ಉಸಿರ ಇಳಕೋತ ಬಂದದ. ವರ್ಷಕ್ಕ ಒಂದ ಎಳ್ಳಕಾಳಿನಷ್ಟ ಮೇಣ ಮೆತ್ತಿ ನಾನೂ ಸುರ್ ಇಳಿಸಿಕೋತ ಬಂದೀನಿ. ಆಂವ ಇದ್ದಲ್ಲೇ ಅದೀನಿ ಅಂತ ತಿಳದಾನ. ತಿಳಕೊಳ್ಳಲಿ ಬಿಡು.’ ನನ್ನ ದನಿ ತಾನಾಗಿ ಇಳಿಯಿತು. ಆಮೇಲೆ ಕೇಳಿದೆ, ಹಾಗಾದರೆ ಕಾಕಾನ ಸ್ವರಕ್ಕೂ ಅಪ್ಪನ ಸ್ವರಕ್ಕೂ ಅಷ್ಟು ದೂರವಾದದ್ದು ನಿನ್ನ ಮೇಣದಿಂದಲೇ ಅಲ್ಲವೇ ಎಂದು. ನೀನು ಗಾಡಿಯ ಮೇಲ್ಛಾವಣಿಯ ಚಾಪೆ ನೋಡುತ್ತ, ‘ಮೆತ್ತಿದಾಂವ ನಾನು. ಅದಕ್ಕ ನಾನ ತೆಗಿಬೇಕಿತ್ತು’ ಎಂದೆ. ದಿಬ್ಬಣದ ಜೊತೆ ಹತ್ತಿಕುಣಿಗೆ ಬರುವಾಗ ಬತ್ತಿದ ಭೀಮೆಯ ದಂಡೆಯಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದಾಗ, ಬಿಸಿಲಿಗೆ ಮೆತ್ತಗಾದ ಮೇಣವನ್ನು ಉಗುರಿನಿಂದ ಕೆರೆದೆಯಂತೆ, ಯಾರಿಗೂ ಹೇಳದೆ. ಅಪ್ಪನಿಗೆ ಹೇಳಬೇಡ ಎಂದೆ. ಹೇಳಿಲ್ಲ ಮಾವಾ. ಈ ಭಾಗವನ್ನು ಅವನು ಹೊಲದ ಕಡೆ ಹೋದ ಮೇಲೆ ಓದುತ್ತಿದ್ದೇನೆ.

ಆಮೇಲಿನ ಎರಡು ವರ್ಷ ಮೇಳ ಒಂದಾಗಿ ನಡೆಯಿತು. ಪಡಸಾಲೆಯ ಗೋಡೆಗೆ ಕಾಕಿಯೇ ಮೊದಲ ಏಟು ಹಾಕಿದಳು. ರುಮಾಲು, ಕೆಂಪು ಕೋಟು ಒಂದೇ ಸಾಲಿನಲ್ಲಿ ನಿಂತವು. ಮಂದಿ ನಕ್ಕರು, ಕರೆದರು. ಆಮೇಲೆ ಮಳೆ ಶುರುವಾದ ವಾರ ನಿನಗೆ ಜ್ವರ ಬಂತು, ಮೂರೇ ದಿನ. ನಿನ್ನನ್ನು ಮಣ್ಣಿಗೆ ಒಯ್ಯುವಾಗ ನಾವೆಲ್ಲ ವಾದ್ಯ ಹಿಡಿದು ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಅಪ್ಪ ಎಂದಿನಂತೆ ಎಡಗೈ ಎತ್ತಿದ. ಕಾದ. ನಾವೂ ಕಾದೆವು. ಮೂವತ್ತು ವರ್ಷದ ರೂಢಿ, ಯಾರಿಗೂ ಹೊಳೆಯಲೇ ಇಲ್ಲ. ಎತ್ತಿದ ಕೈ ಹಾಗೆಯೇ ಇತ್ತು. ಸುರ್ ಬರಲಿಲ್ಲ. ಅಪ್ಪ ಮೆಲ್ಲಗೆ ಹಿಂದೆ ತಿರುಗಿ ನಿನ್ನ ಜಾಗ ನೋಡಿದ, ಆಮೇಲೆ ಚಟ್ಟದ ಕಡೆ ನೋಡಿದ... ಅಂದು ನಾವು ನುಡಿಸಿದ್ದು ನಮ್ಮ ಮನೆತನ ನುಡಿಸಿದ್ದರಲ್ಲೇ ಅತಿ ಕೆಟ್ಟದ್ದು. ಓಣಿಯ ಜನಕ್ಕೂ ಅದು ಕೇಳಿಸಿತು. ‘ಇವತ್ತ ಏನೋ ಇಲ್ಲಲ್ರಿ’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರು. ಹೌದು, ಇರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸಂಗತಿಗೆ ಬರುತ್ತೇನೆ. ನೀನು ಹೋಗಿ ತಿಂಗಳಾಗಿರಲಿಲ್ಲ, ಅಪ್ಪನ ಸನಾದಿ ಕೆಳಕ್ಕೆ ಜಗ್ಗಲು ಶುರು ಮಾಡಿತು, ಕಾಕಾನ ಕ್ಲಾರಿನೆಟ್ ಮೇಲಕ್ಕೆ. ಮತ್ತೆ ಅದೇ ಮಾತು. ಇನ್ನು ಸುರ್ ಹಿಡಿಯುವವನು ಯಾರ ಕಡೆಯವನಾಗಬೇಕು ಎಂದು ಇವನು ಒಂದು ಹೆಸರು ಹೇಳಿದರೆ ಅವನು ಇನ್ನೊಂದು. ಕಾಕಾ ಊಟಕ್ಕೆ ಬೇರೆ ಹೊತ್ತಿಗೆ ಬರತೊಡಗಿದ. ಅಪ್ಪ ಉಂಡು ಏಳುವ ಮೊದಲೇ ಕಾಕಾ ಊಟಕ್ಕೆ ಬಂದ ಒಂದು ಮಧ್ಯಾಹ್ನ, ಅವ್ವ ಗೂಟದಲ್ಲಿ ತೂಗುತ್ತಿದ್ದ ನಿನ್ನ ಕೊಳವೆ ತಂದು ನನ್ನ ಊಟದ ಗಂಗಾಳದ ಪಕ್ಕ ಇಟ್ಟಳು. ‘ನನ್ನ ತಮ್ಮನ ಜಾಗ ಖಾಲಿ ಬಿಡಬ್ಯಾಡ್ರಪಾ’ ಎಂದಳು. ಅಪ್ಪನ ಕಡೆಗೂ ನೋಡಲಿಲ್ಲ, ಕಾಕಾನ ಕಡೆಗೂ ನೋಡಲಿಲ್ಲ.

ನಾನು, ಮಾವಾ. ಬಾಯಿ ಮುಚ್ಚಿಕೊಂಡು ಐದು ಎಣಿಸಲು ಬಾರದವನು. ತಂಬಿಗೆ ನೀರಿನಲ್ಲಿ ಬಿದಿರ ಕೊಳವೆ ಅದ್ದಿ, ಗುಳ್ಳೆ ನಿಲ್ಲದಂತೆ ಊದುವುದನ್ನು ಮೂರು ತಿಂಗಳು ಕಲಿತೆ. ಮೂಗಿನಿಂದ ಎಳೆಯುವಾಗ ಬಾಯಿ ನಿಲ್ಲುತ್ತದೆ, ಬಾಯಿ ಊದುವಾಗ ಮೂಗು ಮರೆಯುತ್ತದೆ. ಎಷ್ಟು ಸಲ ನೀರು ಮೂಗಿಗೇರಿ ಸಾಯುವ ಹಾಗಾಯಿತೋ ಕಾಕಿಯನ್ನು ಕೇಳು, ಅವಳಿಗೆ ಅದು ನನ್ನ ಎಲ್ಲ ನಾಟಕಗಳಿಗಿಂತ ಚೆನ್ನಾಗಿತ್ತಂತೆ. ಸೇನಾಪತಿಯ ಪಾತ್ರವನ್ನು ಗೆಳೆಯನೊಬ್ಬನಿಗೆ ಬಿಟ್ಟುಕೊಟ್ಟೆ. ಕೊಳವೆಯಲ್ಲಿ ನೀನು ಬಿಟ್ಟುಹೋದ ಮೇಣ ಹಾಗೆಯೇ ಇದೆ. ಮುಟ್ಟುವಷ್ಟು ಕಿವಿ ನನಗಿನ್ನೂ ಬಂದಿಲ್ಲ. ನೀನು ಇಟ್ಟ ಜಾಗದಲ್ಲಿ ನಿಂತುಕೊಳ್ಳುವುದಷ್ಟೇ ನನ್ನ ಕೆಲಸ.

ಕಳೆದ ವಾರ ಕಡೇಚೂರಿನಲ್ಲಿ, ಸುರ್ ಹಿಡಿಯುವವನಾಗಿ ನನ್ನ ಮೊದಲ ಮದುವೆ. ಅಕ್ಕಿಕಾಳು ಬೀಳುವವರೆಗೆ ಹೇಗೋ ತಡೆದೆ. ಇನ್ನೇನು ಮುಗಿಯಬೇಕು, ಗಲ್ಲ ಸೋತಿತು. ಸುರ್ ಒಂದು ಎಳೆ ಕುಸಿಯಿತು. ಕೂತವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಆದರೆ ಅಪ್ಪ ಬಲದಿಂದ, ಕಾಕಾ ಎಡದಿಂದ, ಒಂದೇ ಗಳಿಗೆಯಲ್ಲಿ ನನ್ನ ಕಡೆ ತಿರುಗಿದರು. ಬಾಯಲ್ಲಿ ವಾದ್ಯ ಇದ್ದದ್ದರಿಂದ ಕಣ್ಣಲ್ಲೇ ಸುಟ್ಟರು. ವಾದ್ಯ ಇಳಿಸಿದ್ದೇ ತಡ ಅಪ್ಪ, ‘ಸುರ್ ಬೀಳಸಿದೆಲ್ಲೋ ಮಂಗ್ಯಾ’ ಎಂದ. ಆರು ತಿಂಗಳಿನಿಂದ ಅಪ್ಪನ ಒಂದೇ ಒಂದು ಮಾತಿಗೂ ಹೂಂ ಅನ್ನದ ಕಾಕಾ ಬೆವರೊರೆಸಿಕೊಂಡು, ‘ಮಂಗ್ಯಾನ ಹೌದು ನೋಡಣ್ಣಾ, ನೀ ಹೇಳೂದು ಖರೆ ಅದ’ ಎಂದ. ಅಲ್ಲಿಂದ ಊಟದ ಪಂಕ್ತಿಯವರೆಗೆ ಇಬ್ಬರೂ ಜೊತೆಯಾಗಿ ನಡೆದರು, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ.

ನಾನು ಒಂದು ಮಾತೂ ಎದುರಾಡದೆ ಅವರ ಹಿಂದೆ ನಡೆದೆ ಮಾವಾ. ಬರುವ ಸೋಮವಾರ ಶಹಾಪುರದಲ್ಲಿ ಮದುವೆ, ಎರಡು ದಿನದ್ದು. ಬೀಳಿಸದಂತೆ ನೋಡಿಕೊಳ್ಳುತ್ತೇನೆ. ಬಿದ್ದರೂ ಬೈಯಲು ಇಬ್ಬರಿದ್ದಾರೆ.

ನಿನ್ನ ಅಳಿಯ,
ಹಣಮಂತ